ಹೊಸ ಮನೆಯ ಬಿಸಿನೀರು: ಪಾತ್ರೆಗೆ ಇರುವ ಗಮನ ಪೈಪಿಗೆ ಏಕಿಲ್ಲ?

ಹೊಸ ಮನೆ ಕಟ್ಟಿಸುವವರು ಬಿಸಿನೀರಿನ ಬಗ್ಗೆ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರೇ. ಸೋಲಾರ್ ಹಾಕಿಸಬೇಕೆ, ಗೀಸರ್ ಸಾಕೆ? ಎಷ್ಟು ಲೀಟರಿನದು? ಯಾವ ಕಂಪನಿಯದು? ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಲು ಅವರು ನಾಲ್ಕಾರು ಅಂಗಡಿ ಸುತ್ತುತ್ತಾರೆ, ನೆಂಟರಿಷ್ಟರನ್ನು ವಿಚಾರಿಸುತ್ತಾರೆ, ಭೌತವಿಜ್ಞಾನದ ಮೇಷ್ಟ್ರು ಸಿಕ್ಕರೆ ಅವರನ್ನೂ ಕೇಳುತ್ತಾರೆ. ಆದರೆ ಕಾಯಿಸಿದ ನೀರು ಯಾವ ದಾರಿಯಲ್ಲಿ, ಎಷ್ಟು ದೂರ, ಎಷ್ಟು ದಪ್ಪದ ಪೈಪಿನಲ್ಲಿ ನಲ್ಲಿಗೆ ಬರುತ್ತದೆ ಎಂದು ಕೇಳುವವರು ಕಡಿಮೆ. ಆ ತೀರ್ಮಾನ ಒಂದು ಬೆಳಗ್ಗೆ, ಗೋಡೆ ಕೊರೆಯುವ ಮೊದಲು, ಪ್ಲಂಬರ್ ಸೀಮೆಸುಣ್ಣದಲ್ಲಿ ಎಳೆಯುವ ಗೆರೆಯಲ್ಲಿ ಮುಗಿದುಹೋಗುತ್ತದೆ. ಗೀಸರ್ ಹಾಳಾದರೆ ಬದಲಾಯಿಸಬಹುದು. ಪ್ಲಾಸ್ಟರ್ ಮಾಡಿ ಟೈಲ್ಸ್ ಅಂಟಿಸಿದ ಮೇಲೆ ಪೈಪನ್ನು ಬದಲಾಯಿಸಲು ಗೋಡೆಯನ್ನೇ ಒಡೆಯಬೇಕು!

ಮನೆ ಕಟ್ಟಿಸುವವರನ್ನು ಇದಕ್ಕಾಗಿ ದೂರಿ ಪ್ರಯೋಜನವಿಲ್ಲ. ಅವರಿಗೆ ದಾರಿ ತೋರಿಸಬೇಕಾದ ಮೂರು ವ್ಯವಸ್ಥೆಗಳಿವೆ: ಸೋಲಾರ್ ಕಡ್ಡಾಯ ಮಾಡಿದ ನಿಯಮ, ಗೀಸರ್ ಮೇಲಿನ ನಕ್ಷತ್ರ ಚೀಟಿ, ಮತ್ತು ನಾವು ತರಗತಿಯಲ್ಲಿ ಕಲಿಸುವ ಭೌತವಿಜ್ಞಾನ. ಮೂರೂ ಒಳ್ಳೆಯ ಉದ್ದೇಶದವೇ. ಆದರೆ ಮೂರರ ದೃಷ್ಟಿಯೂ ನೀರು ಕಾಯುವ ಪಾತ್ರೆಯ ಮೇಲೆ ನಿಂತಿದೆ, ನೀರು ಹರಿಯುವ ದಾರಿಯ ಮೇಲಲ್ಲ. ಇದರಿಂದ ನೀರು ಮತ್ತು ವಿದ್ಯುತ್ತು ವ್ಯರ್ಥವಾಗುವುದು ಒಂದು ಕಡೆಯಾದರೆ, ಕೆಲವೊಮ್ಮೆ ಪ್ರಾಣಕ್ಕೇ ಅಪಾಯ ಬರುವುದು ಇನ್ನೊಂದು ಕಡೆ. ಈ ಮಾತನ್ನು ಲೆಕ್ಕಗಳ ಮೂಲಕವೇ ಪರಿಶೀಲಿಸೋಣ. ಎಲ್ಲ ಲೆಕ್ಕಗಳೂ ಪಿ.ಯು.ಸಿ. ಓದಿದವರಿಗೆ ನಿಲುಕುವಂಥವು.

ಒಂದು ಬಕೆಟ್ ನೀರಿನ ಲೆಕ್ಕ

ಸ್ನಾನಕ್ಕೆ ಒಂದು ದೊಡ್ಡ ಬಕೆಟ್, ಅಂದರೆ 20 ಲೀಟರ್ ನೀರು ಬೇಕು ಎಂದುಕೊಳ್ಳಿ. ನಲ್ಲಿಯ ನೀರಿನ ತಾಪ 22 ಡಿಗ್ರಿ ಸೆಲ್ಸಿಯಸ್, ಸ್ನಾನಕ್ಕೆ ಹಿತವಾದ ತಾಪ 40 ಡಿಗ್ರಿ. ಒಂದು ಕಿಲೋಗ್ರಾಂ ನೀರಿನ ತಾಪವನ್ನು ಒಂದು ಡಿಗ್ರಿ ಏರಿಸಲು 4.2 ಕಿಲೋಜೂಲ್ ಬೇಕು. ಹಾಗಾದರೆ 20 × 4.2 × 18 = 1512 ಕಿಲೋಜೂಲ್. ವಿದ್ಯುತ್ ಮೀಟರಿನ ಭಾಷೆಯಲ್ಲಿ ಇದು 0.42 ಯೂನಿಟ್.

ಈ ಒಂದು ಅಂಕಿಯಿಂದಲೇ ಅಂಗಡಿಯ ಅನೇಕ ಮಾತುಗಳನ್ನು ತೂಗಿ ನೋಡಬಹುದು. ‘ಇನ್‌ಸ್ಟಂಟ್’ ಗೀಸರ್ ಕಡಿಮೆ ವಿದ್ಯುತ್ ತಿನ್ನುತ್ತದೆ ಎನ್ನುತ್ತಾರೆ. ಆದರೆ ಬಕೆಟ್ಟಿಗೆ ಬೇಕಾದ 0.42 ಯೂನಿಟ್ಟನ್ನು ಅದೂ ಕೊಡಲೇಬೇಕು. ಅದು ಉಳಿಸುವುದು ನೀರನ್ನು ಬಿಸಿಯಾಗಿ ಇಟ್ಟುಕೊಂಡಿರುವಾಗ ಸೋರುವ ಉಷ್ಣವನ್ನು ಮಾತ್ರ. 3 ಕಿಲೋವಾಟಿನ ಇನ್‌ಸ್ಟಂಟ್ ಗೀಸರಿನಿಂದ ನಿಮಿಷಕ್ಕೆ 3 ಲೀಟರ್ ನೀರು ಬಿಟ್ಟರೆ ತಾಪ ಏರುವುದು ಸುಮಾರು 14 ಡಿಗ್ರಿ. 22 ಡಿಗ್ರಿಯ ನೀರು 36 ಡಿಗ್ರಿಗೆ ಬರುತ್ತದೆ, ಅಷ್ಟೇ. ಷವರಿಗೆ ಇಷ್ಟು ಸಾಲದು. ‘ಕಂಪನಿ ಸರಿಯಿಲ್ಲ’ ಎಂದು ಬೇರೆ ಕಂಪನಿಯ 3 ಕಿಲೋವಾಟಿನದನ್ನೇ ತಂದರೆ ಅದೂ 14 ಡಿಗ್ರಿಯನ್ನೇ ಏರಿಸುತ್ತದೆ. ಶಕ್ತಿ ಸಂರಕ್ಷಣಾ ನಿಯಮಕ್ಕೆ ಕಂಪನಿಯ ಹೆಸರು ಗೊತ್ತಿಲ್ಲ.

ಇಷ್ಟನ್ನು ನಮ್ಮ ವಿದ್ಯಾರ್ಥಿಗಳು ಚೆನ್ನಾಗಿಯೇ ಮಾಡಬಲ್ಲರು. ತೊಂದರೆ ಇರುವುದು ಲೆಕ್ಕದ ಕೊನೆಯಲ್ಲಿ ನಾವು ಸೇರಿಸುವ ಒಂದು ವಾಕ್ಯದಲ್ಲಿ: ‘ಪರಿಸರಕ್ಕೆ ಉಷ್ಣ ನಷ್ಟವಾಗುವುದಿಲ್ಲವೆಂದು ಭಾವಿಸಿ’. ಪರೀಕ್ಷೆಗೆ ಈ ಭಾವನೆ ಅಗತ್ಯ, ಒಪ್ಪೋಣ. ಆದರೆ ಹತ್ತು ವರ್ಷ ಹೀಗೆ ಭಾವಿಸಿ ಅಭ್ಯಾಸವಾದವನು ಮನೆ ಕಟ್ಟಿಸುವಾಗಲೂ ಹಾಗೆಯೇ ಭಾವಿಸುತ್ತಾನೆ.

ಪೈಪಿನಲ್ಲಿ ನಿಂತ ನೀರು

ಈಗ ಒಂದು ಮಾಮೂಲಿ ಎರಡು ಅಂತಸ್ತಿನ ಮನೆಯನ್ನು ಊಹಿಸಿಕೊಳ್ಳಿ. ತಾರಸಿಯ ಒಂದು ಮೂಲೆಯಲ್ಲಿ ಸೋಲಾರ್ ಟ್ಯಾಂಕು. ಕೆಳಗಿನ ಅಂತಸ್ತಿನ ಎದುರು ಮೂಲೆಯಲ್ಲಿ ಸ್ನಾನದ ಮನೆ. ಇಳಿದು, ತಿರುಗಿ, ಅಡ್ಡ ಹೋಗಿ ಪೈಪಿನ ಉದ್ದ 20 ಮೀಟರ್ ಆಗುವುದು ಸುಲಭ. ಮುಕ್ಕಾಲು ಇಂಚಿನ ಸಿಪಿವಿಸಿ ಪೈಪಿನ ಒಳವ್ಯಾಸ ಸುಮಾರು 18 ಮಿಲಿಮೀಟರ್. ಅದರ ಪ್ರತಿ ಮೀಟರಿನಲ್ಲಿ ಕಾಲು ಲೀಟರ್ ನೀರು ಇರುತ್ತದೆ. 20 ಮೀಟರಿಗೆ 5 ಲೀಟರ್.

ಬೆಳಗ್ಗೆ ನಲ್ಲಿ ತಿರುಗಿಸಿದಾಗ ಮೊದಲು ಬರುವುದು ರಾತ್ರಿಯಿಡೀ ಪೈಪಿನಲ್ಲಿ ನಿಂತು ತಣ್ಣಗಾದ ಈ 5 ಲೀಟರ್. ಷವರ್ ಬಳಸುವವರು ಅದನ್ನು ಮೋರಿಗೆ ಬಿಡುತ್ತಾರೆ. ಬಕೆಟ್ಟಿನಲ್ಲಿ ಸ್ನಾನ ಮಾಡುವವರು ಹೀಗೆ ಬಿಡಬೇಕಾಗಿಲ್ಲ. 55 ಡಿಗ್ರಿಯ ಬಿಸಿನೀರಿಗೆ 22 ಡಿಗ್ರಿಯ ತಣ್ಣೀರು ಬೆರೆಸಿ 40 ಡಿಗ್ರಿಗೆ ತರಲು 20 ಲೀಟರಿನಲ್ಲಿ ಸುಮಾರು 9 ಲೀಟರ್ ತಣ್ಣೀರು ಹೇಗೂ ಬೇಕು. ಮೊದಲು ಬಂದ 5 ಲೀಟರ್ ಅದಕ್ಕೆ ಒದಗುತ್ತದೆ. ಆದ್ದರಿಂದ ಬಕೆಟ್ಟಿನವರು ಬಿಸಿನೀರಿನ ನಲ್ಲಿಯನ್ನೇ ಮೊದಲು ತಿರುಗಿಸಿದರೆ ನೀರು ಉಳಿಯುತ್ತದೆ.

ಆದರೆ ಉಷ್ಣ ಉಳಿಯುವುದಿಲ್ಲ. ನಲ್ಲಿ ನಿಲ್ಲಿಸಿದಾಗ ಪೈಪಿನ ತುಂಬ 55 ಡಿಗ್ರಿಯ ನೀರು ನಿಂತಿರುತ್ತದೆ. ಅದು ಮತ್ತೆ 22 ಡಿಗ್ರಿಗೆ ಇಳಿಯುವಾಗ 5 × 4.2 × 33, ಅಂದರೆ 693 ಕಿಲೋಜೂಲ್ ಅಥವಾ 0.19 ಯೂನಿಟ್ ಗೋಡೆಗೆ ಹೋಗುತ್ತದೆ. ಬಕೆಟ್ಟಿಗೆ ಬೇಕಾದದ್ದು 0.42. ಪೈಪು ತಿಂದದ್ದು 0.19. ಮನೆಯ ನಾಲ್ವರು ಒಬ್ಬರಾದ ಮೇಲೆ ಒಬ್ಬರಂತೆ ತಕ್ಷಣ ಸ್ನಾನ ಮುಗಿಸಿದರೆ ಈ ನಷ್ಟ ಒಂದೇ ಬಾರಿ. ಬೆಳಗ್ಗೆ ಆರಕ್ಕೊಬ್ಬರು, ಎಂಟಕ್ಕೊಬ್ಬರು, ಹತ್ತಕ್ಕೊಬ್ಬರು, ಸಂಜೆಗೊಬ್ಬರು ಎಂದಾದರೆ ನಾಲ್ಕು ಬಾರಿ. ಆಗ ಹತ್ತಿರ ಹತ್ತಿರ ಎರಡು ಬಕೆಟ್ ನೀರನ್ನು ಕಾಯಿಸುವಷ್ಟು ಉಷ್ಣ ಪ್ರತಿದಿನ ಗೋಡೆಯ ಪಾಲು!

ಅಡುಗೆಮನೆಯ ಸ್ಥಿತಿ ಇನ್ನೂ ವಿಚಿತ್ರ. ಪಾತ್ರೆ ತೊಳೆಯಲೆಂದು ಇಷ್ಟೇ ಉದ್ದದ ಪೈಪಿನ ಕೊನೆಯಲ್ಲಿ ಬಿಸಿನೀರಿನ ನಲ್ಲಿ ಇಟ್ಟು, ಒಂದು ನಿಮಿಷ 4 ಲೀಟರ್ ಬಿಟ್ಟರೆ ಕೈಗೆ ಬರುವುದೆಲ್ಲ ತಣ್ಣೀರು. ಅಷ್ಟರಲ್ಲಿ ತಾರಸಿಯ ಟ್ಯಾಂಕಿನಿಂದ 4 ಲೀಟರ್ ಬಿಸಿನೀರು ಹೊರಟು ದಾರಿಯಲ್ಲಿ ನಿಂತಿರುತ್ತದೆ. ಬಿಸಿನೀರು ಖರ್ಚಾಯಿತು, ಯಾರೂ ಬಳಸಲಿಲ್ಲ.

ಪೈಪಿಗೆ ಉಷ್ಣ ನಿರೋಧಕ ಹೊದಿಕೆ ಹಾಕಿದರೆ? ನ್ಯೂಟನ್ನನ ತಂಪಾಗುವ ನಿಯಮವನ್ನು ಇಲ್ಲಿ ಅನ್ವಯಿಸಿ. ಗಾಳಿಗೆ ತೆರೆದಿರುವ ಮುಕ್ಕಾಲು ಇಂಚಿನ ಪೈಪಿನಲ್ಲಿ ನಿಂತ ನೀರು, ಸ್ಥೂಲ ಲೆಕ್ಕದಲ್ಲಿ, ಅರ್ಧ ಗಂಟೆಯೊಳಗೆ ತನ್ನ ಹೆಚ್ಚುವರಿ ತಾಪದ ಮೂರರಲ್ಲಿ ಎರಡು ಭಾಗವನ್ನು ಕಳೆದುಕೊಳ್ಳುತ್ತದೆ. ಅರ್ಧ ಇಂಚು ದಪ್ಪದ ಹೊದಿಕೆ ಇದ್ದರೆ ಅದೇ ಇಳಿತಕ್ಕೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಬೇಕು. ಅಂದರೆ ಹೊದಿಕೆಯ ಉಪಯೋಗ ಒಬ್ಬರ ಸ್ನಾನಕ್ಕೂ ಇನ್ನೊಬ್ಬರ ಸ್ನಾನಕ್ಕೂ ನಡುವೆ. ರಾತ್ರಿಯಿಡೀ ನಿಂತ ನೀರಿಗೆ ಯಾವ ಹೊದಿಕೆಯೂ ಸಾಲದು. ಉದ್ದವನ್ನು ಕಡಿಮೆ ಮಾಡುವುದಕ್ಕೆ ಹೊದಿಕೆ ಬದಲಿಯಲ್ಲ.

ಮಲೆನಾಡಿನ ಬಚ್ಚಲುಮನೆಯ ತಾಮ್ರದ ಹಂಡೆಯನ್ನು ಇಲ್ಲಿ ನೆನೆಯಬಹುದು. ಅದರ ಒಲೆಯಲ್ಲಿ ಹೊಗೆ ಹೆಚ್ಚು, ಸೌದೆಯ ಉಷ್ಣದ ಬಹುಪಾಲು ವ್ಯರ್ಥ. ಆ ವ್ಯವಸ್ಥೆಗೆ ಹಿಂದಿರುಗಿ ಎಂದು ಯಾರೂ ಹೇಳಲಾರರು. ಆದರೆ ಅದರಲ್ಲಿ ಒಂದು ಗುಣವಿತ್ತು: ಹಂಡೆಗೂ ಚೊಂಬಿಗೂ ನಡುವಿನ ಪೈಪಿನ ಉದ್ದ ಸೊನ್ನೆ.

ನಿಯಮ ನೋಡುವುದು ತಾರಸಿಯನ್ನು

ಬೆಂಗಳೂರಿನಲ್ಲಿ ತಾರಸಿಗಳ ಮೇಲೆ ಸಾಲುಸಾಲಾಗಿ ಕಾಣುವ ಸೋಲಾರ್ ವಾಟರ್ ಹೀಟರ್‌ಗಳಿಗೆ ಒಂದು ಕಾರಣ, 2000ದ ದಶಕದಲ್ಲಿಯೇ ನಿಗದಿತ ವಿಸ್ತೀರ್ಣಕ್ಕಿಂತ ದೊಡ್ಡ ಮನೆಗಳಿಗೆ ಇದನ್ನು ಕಡ್ಡಾಯ ಮಾಡಿದ್ದು. ಜೊತೆಗೆ ವಿದ್ಯುತ್ ಬಿಲ್ಲಿನಲ್ಲಿ ರಿಯಾಯಿತಿಯೂ ದೊರೆಯಿತು. ಬೆಳಗಿನ ಹೊತ್ತು ಇಡೀ ನಗರ ಒಟ್ಟಿಗೆ ಗೀಸರ್ ಹಾಕಿದಾಗ ವಿದ್ಯುತ್ ಜಾಲದ ಮೇಲೆ ಬೀಳುವ ಹೊರೆಯನ್ನು ನೆನೆದರೆ ಈ ನಿಯಮದ ಮಹತ್ವ ತಿಳಿಯುತ್ತದೆ. ನನ್ನ ಆಕ್ಷೇಪ ನಿಯಮದ ಬಗ್ಗೆ ಅಲ್ಲ, ಅದು ಎಲ್ಲಿಗೆ ನಿಲ್ಲುತ್ತದೆ ಎನ್ನುವ ಬಗ್ಗೆ.

ಕೇಂದ್ರ ಸರ್ಕಾರ ಸಿದ್ಧಪಡಿಸಿದ ಮಾದರಿ ಉಪವಿಧಿಗಳಲ್ಲಿ ತಾರಸಿಯಿಂದ ನಲ್ಲಿಗಳವರೆಗೆ ಉಷ್ಣ ನಿರೋಧಕ ಪೈಪುಗಳು ಇರಬೇಕೆಂಬ ಮಾತು ಇದೆ. ಆದರೆ ಪರಿಶೀಲನೆಗೆ ಸಿಕ್ಕುವುದು ಕಣ್ಣಿಗೆ ಕಾಣುವ ವಸ್ತು. ಟ್ಯಾಂಕು ಮತ್ತು ಫಲಕ ತಾರಸಿಯ ಮೇಲೆ ಕಾಣುತ್ತವೆ. ಪೈಪು ಗೋಡೆಯೊಳಗೆ ಹೋಗಿರುತ್ತದೆ. ಮನೆಯ ನಕ್ಷೆಯಲ್ಲಿ ಸ್ನಾನದ ಮನೆಗಳು ಎಲ್ಲಿವೆ, ಒಂದರ ಕೆಳಗೊಂದು ಇವೆಯೇ, ಟ್ಯಾಂಕು ಅವುಗಳ ನೇರಕ್ಕೆ ಬರುತ್ತದೆಯೇ ಎಂಬುದನ್ನು ನಕ್ಷೆಯ ಹಂತದಲ್ಲಿ ಕೇಳಿದರೆ ಖರ್ಚಿಲ್ಲದೆ 20 ಮೀಟರನ್ನು 8 ಮೀಟರಿಗೆ ಇಳಿಸಬಹುದು. ಆಗ ನಿಂತ ನೀರು 5 ಲೀಟರಿನಿಂದ 2 ಲೀಟರಿಗೆ ಇಳಿಯುತ್ತದೆ.

ಮೋಡದ ದಿನಗಳ ವಿಚಾರವೂ ಹೀಗೆಯೇ. ಮಳೆಗಾಲಕ್ಕೆಂದು ಸೋಲಾರ್ ಟ್ಯಾಂಕಿನೊಳಗೇ ವಿದ್ಯುತ್ ಕಾಯಿಲ್ ಹಾಕಿಸುವ ಪದ್ಧತಿ ಇದೆ. 100 ಲೀಟರ್ ನೀರನ್ನು 25 ಡಿಗ್ರಿಯಿಂದ 50 ಡಿಗ್ರಿಗೆ ತರಲು ಸುಮಾರು 2.9 ಯೂನಿಟ್ ಬೇಕು. ಮನೆಯಲ್ಲಿ ಅಂದು ಇಬ್ಬರೇ ಇದ್ದು 40 ಲೀಟರ್ ಸಾಕಾಗಿದ್ದರೂ ಕಾಯುವುದು ಇಡೀ ಟ್ಯಾಂಕು. ಅದರ ಬದಲು ಸ್ನಾನದ ಮನೆಯೊಳಗೇ ಒಂದು ಚಿಕ್ಕ ಗೀಸರ್ ಇದ್ದರೆ ಬೇಕಾದಷ್ಟನ್ನೇ ಬೇಕಾದ ಸ್ಥಳದಲ್ಲಿ ಕಾಯಿಸಬಹುದು. ಇದಕ್ಕೆ ಬೇಕಾದ ಪೈಪು ಮತ್ತು ವೈರಿಂಗನ್ನು ಗೋಡೆ ಕೊರೆಯುವ ದಿನವೇ ಯೋಚಿಸಿರಬೇಕು. 3 ಕಿಲೋವಾಟಿಗೆ 230 ವೋಲ್ಟಿನಲ್ಲಿ 13 ಆಂಪಿಯರ್ ಹರಿಯುತ್ತದೆ. ಸಾಮಾನ್ಯ ದೀಪದ ವೈರಿನಿಂದ ಅದನ್ನು ಎಳೆಯುವಂತಿಲ್ಲ. ಅರ್ಥ್ ಸಂಪರ್ಕವಂತೂ ಇರಲೇಬೇಕು.

ನಕ್ಷತ್ರ ಹೇಳುವುದೇನು, ಹೇಳದಿರುವುದೇನು?

ಗೀಸರಿನ ಮೇಲೆ ಅಂಟಿಸಿರುವ ನಕ್ಷತ್ರ ಚೀಟಿಯನ್ನು ಎಲ್ಲರೂ ನೋಡುತ್ತಾರೆ, ಓದುವವರು ಕಡಿಮೆ. ನೀರು ಶೇಖರಿಸುವ ಗೀಸರಿನ ನಕ್ಷತ್ರಗಳು ಅಳೆಯುವುದು ಒಂದನ್ನೇ: ಒಳಗಿನ ನೀರಿಗೂ ಹೊರಗಿನ ಗಾಳಿಗೂ 45 ಡಿಗ್ರಿ ವ್ಯತ್ಯಾಸವಿದ್ದಾಗ, ನೀರನ್ನು ಬಳಸದೆ ಸುಮ್ಮನೆ ಇಟ್ಟರೆ 24 ಗಂಟೆಯಲ್ಲಿ ಎಷ್ಟು ಯೂನಿಟ್ ಉಷ್ಣ ಹೊರಗೆ ಸೋರುತ್ತದೆ ಎಂಬುದು. ಹೆಚ್ಚು ನಕ್ಷತ್ರ ಎಂದರೆ ಪಾತ್ರೆಯ ಹೊದಿಕೆ ಚೆನ್ನಾಗಿದೆ ಎಂದರ್ಥ. ಒಂದು ಬಕೆಟ್ ಕಾಯಿಸಲು ಕಡಿಮೆ ವಿದ್ಯುತ್ ಸಾಕು ಎಂದು ಅರ್ಥವಲ್ಲ.

ಇದರಿಂದ ಎರಡು ವಿಷಯ ಹೊರಡುತ್ತವೆ. ದಿನಕ್ಕೆ ಇಪ್ಪತ್ತು ನಿಮಿಷ ಗೀಸರ್ ಹಾಕಿ, ಸ್ನಾನ ಮಾಡಿ ಆರಿಸುವ ಮನೆಯಲ್ಲಿ ಈ ನಕ್ಷತ್ರಗಳಿಂದ ಆಗುವ ಉಳಿತಾಯ ಅಲ್ಪ. ದಿನವಿಡೀ ಸ್ವಿಚ್ ಹಾಕಿಯೇ ಇಡುವ ಮನೆಯಲ್ಲಿ ಅದು ದೊಡ್ಡದು. ಉದಾಹರಣೆಗೆ ಚೀಟಿಯಲ್ಲಿ 0.6 ಯೂನಿಟ್ ಎಂದಿದ್ದರೆ, ಮಂಗಳೂರಿನಂಥ ಊರಿನಲ್ಲಿ ಹೊರಗೆ 28 ಡಿಗ್ರಿ, ಒಳಗೆ 60 ಡಿಗ್ರಿ ಇದ್ದಾಗ ವ್ಯತ್ಯಾಸ 32 ಡಿಗ್ರಿ. ಸೋರುವುದು 0.6 × 32/45, ಅಂದರೆ ಸುಮಾರು 0.43 ಯೂನಿಟ್. ಯಾರೂ ಸ್ನಾನ ಮಾಡದೆಯೇ ಒಂದು ಬಕೆಟ್ಟಿನ ವಿದ್ಯುತ್ತು ಹೋಯಿತು! ‘ಆರಿಸಿ ಮತ್ತೆ ಹಾಕಿದರೆ ಹೆಚ್ಚು ವಿದ್ಯುತ್ ಬೇಕು’ ಎಂಬ ಮಾತನ್ನು ನೀವು ಕೇಳಿರಬಹುದು. ಅದು ತಪ್ಪು. ತಣ್ಣಗಾಗುತ್ತ ಹೋದಂತೆ ತಾಪದ ವ್ಯತ್ಯಾಸ ಕಡಿಮೆಯಾಗುತ್ತದೆ, ಸೋರಿಕೆಯೂ ಕಡಿಮೆಯಾಗುತ್ತದೆ. ಸೋರಿದ್ದನ್ನಷ್ಟೇ ಮತ್ತೆ ತುಂಬಬೇಕು. ಆದ್ದರಿಂದ ಆರಿಸಿಟ್ಟಾಗ ನಷ್ಟ ಯಾವಾಗಲೂ ಕಡಿಮೆಯೇ.

ಎರಡನೆಯದು, ನಕ್ಷತ್ರ ಚೀಟಿಗೆ ಪೈಪಿನ ಸುದ್ದಿಯೇ ಗೊತ್ತಿಲ್ಲ. ಐದು ನಕ್ಷತ್ರದ ಗೀಸರನ್ನು ಒಂದು ಸ್ನಾನದ ಮನೆಯಲ್ಲಿಟ್ಟು, ಅಲ್ಲಿಂದ 12 ಮೀಟರ್ ದೂರದ ಇನ್ನೊಂದು ಸ್ನಾನದ ಮನೆಗೂ ಪೈಪ್ ಎಳೆಸಿದರೆ, ಪಾತ್ರೆಯಲ್ಲಿ ಉಳಿಸಿದ್ದು ಪೈಪಿನಲ್ಲಿ ಹೋಗುತ್ತದೆ. ಚೀಟಿ ಸುಳ್ಳು ಹೇಳುತ್ತಿಲ್ಲ. ಅದು ಉತ್ತರಿಸುವ ಪ್ರಶ್ನೆ ಒಂದು, ನಾವು ಕೇಳಬೇಕಾದ ಪ್ರಶ್ನೆ ಇನ್ನೊಂದು.

ದಪ್ಪ ಪೈಪೋ, ಸಣ್ಣ ಪೈಪೋ?

‘ಪ್ರೆಶರ್ ಸಾಲದು, ದೊಡ್ಡ ಟ್ಯಾಂಕ್ ಇಡಿಸಿ’ ಎಂಬುದು ಹೊಸ ಮನೆಯ ಇನ್ನೊಂದು ಸಾಮಾನ್ಯ ಸಲಹೆ. ನಿಂತ ನೀರಿನ ಒತ್ತಡ ಅವಲಂಬಿಸುವುದು ನೀರಿನ ಮಟ್ಟದ ಎತ್ತರವನ್ನು, ಟ್ಯಾಂಕಿನ ಅಗಲವನ್ನಲ್ಲ. ಇದನ್ನು ಹತ್ತನೆಯ ತರಗತಿಯ ಹುಡುಗರೂ ಹೇಳುತ್ತಾರೆ. 10 ಮೀಟರ್ ಎತ್ತರದ ನೀರು ಸುಮಾರು ಒಂದು ವಾಯುಮಂಡಲ ಒತ್ತಡ ಕೊಡುತ್ತದೆ. ಮೇಲಂತಸ್ತಿನ ಷವರಿಗಿಂತ ಟ್ಯಾಂಕಿನ ನೀರು 3 ಮೀಟರ್ ಮೇಲಿದ್ದರೆ ಸಿಗುವುದು 0.3 ವಾಯುಮಂಡಲ ಮಾತ್ರ. 500 ಲೀಟರಿನ ಟ್ಯಾಂಕ್ ತೆಗೆದು 2000 ಲೀಟರಿನದನ್ನು ಅಷ್ಟೇ ಎತ್ತರದಲ್ಲಿಟ್ಟರೂ ಅಷ್ಟೇ.

ಆದರೆ ನೀರು ಹರಿಯತೊಡಗಿದ ಮೇಲೆ ಕತೆ ಬೇರೆ. ಈ ಅಲ್ಪ ಒತ್ತಡದಲ್ಲಿ ಒಂದು ಪಾಲು ಪೈಪಿನ ಘರ್ಷಣೆಗೇ ಖರ್ಚಾಗುತ್ತದೆ. ಇಲ್ಲಿ ಪದವಿ ತರಗತಿಯ ನಮ್ಮ ಪಾಠವನ್ನು ಟೀಕಿಸಬೇಕಾಗಿದೆ. ಪ್ವಾಸೇ ಎಂಬ ಫ್ರೆಂಚ್ ವೈದ್ಯ ಸೂಕ್ಷ್ಮ ಗಾಜಿನ ನಳಿಕೆಗಳಲ್ಲಿ ಪ್ರಯೋಗ ಮಾಡಿ ಕಂಡುಕೊಂಡ ನಿಯಮವನ್ನು, ಅಂದರೆ ಹರಿವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ ಎಂಬುದನ್ನು, ನಾವು ವಿವರವಾಗಿ ಕಲಿಸುತ್ತೇವೆ. ಆಮೇಲೆ ‘ಮನೆಯ ನಲ್ಲಿಯಲ್ಲೂ ಹೀಗೆಯೇ’ ಎಂದು ಸೇರಿಸುವ ಅಭ್ಯಾಸವಿದೆ. ಹಾಗಲ್ಲ. ಅರ್ಧ ಇಂಚಿನ ಪೈಪಿನಲ್ಲಿ, ಅಂದರೆ ಸುಮಾರು 12.5 ಮಿಲಿಮೀಟರ್ ಒಳವ್ಯಾಸದಲ್ಲಿ, ನಿಮಿಷಕ್ಕೆ 6 ಲೀಟರ್ ಹರಿದರೆ ವೇಗ ಸೆಕೆಂಡಿಗೆ 0.8 ಮೀಟರ್, ರೆನಾಲ್ಡ್ಸ್ ಸಂಖ್ಯೆ ಸುಮಾರು 11,000. ಪ್ವಾಸೇ ನಿಯಮ ನಡೆಯುವುದು ಈ ಸಂಖ್ಯೆ ಸುಮಾರು 2,000ಕ್ಕಿಂತ ಕಡಿಮೆ ಇರುವಾಗ. ಮನೆಯ ಪೈಪಿನಲ್ಲಿರುವುದು ಪ್ರಕ್ಷುಬ್ಧ ಪ್ರವಾಹ. ಅಲ್ಲಿ ಅಷ್ಟೇ ನೀರನ್ನು ಹರಿಸಲು ತಗಲುವ ಒತ್ತಡ ನಷ್ಟವು ವ್ಯಾಸದ ಸುಮಾರು ಐದನೆಯ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ.

ಅಂಕಿಗಳಲ್ಲಿ ನೋಡಿ. ಈ ಹರಿವಿಗೆ ಅರ್ಧ ಇಂಚಿನ 10 ಮೀಟರ್ ಪೈಪು ಸುಮಾರು 80 ಸೆಂಟಿಮೀಟರ್ ಎತ್ತರದ ಒತ್ತಡವನ್ನು ತಿನ್ನುತ್ತದೆ. ಮುಕ್ಕಾಲು ಇಂಚಿನದು ತಿನ್ನುವುದು 15 ಸೆಂಟಿಮೀಟರಿನಷ್ಟು. ನಮ್ಮಲ್ಲಿರುವುದೇ 3 ಮೀಟರ್ ಎಂಬುದನ್ನು ಮರೆಯಬೇಡಿ. ಪ್ರತಿ ಎಲ್ಬೋ, ಪ್ರತಿ ವಾಲ್ವ್ ತನ್ನ ಪಾಲನ್ನೂ ಕೇಳುತ್ತದೆ.

ಹಾಗಾದರೆ ಎಲ್ಲ ಕಡೆ ಒಂದು ಇಂಚಿನ ಪೈಪು ಹಾಕಿಸಿದರೆ ಒಳ್ಳೆಯದಲ್ಲವೇ? ತಣ್ಣೀರಿಗಾದರೆ ಚಿಂತೆಯಿಲ್ಲ. ಬಿಸಿನೀರಿಗೆ ಇಲ್ಲಿ ತೊಡಕಿದೆ. ಪೈಪಿನಲ್ಲಿ ನಿಲ್ಲುವ ನೀರು ವ್ಯಾಸದ ವರ್ಗದಂತೆ ಏರುತ್ತದೆ: ಮೀಟರಿಗೆ ಅರ್ಧ ಇಂಚಿನಲ್ಲಿ 0.12 ಲೀಟರ್, ಮುಕ್ಕಾಲು ಇಂಚಿನಲ್ಲಿ 0.25, ಒಂದು ಇಂಚಿನಲ್ಲಿ ಸುಮಾರು 0.42. ದಪ್ಪ ಪೈಪು ಒತ್ತಡವನ್ನು ಉಳಿಸುತ್ತದೆ, ಉಷ್ಣವನ್ನು ಕಳೆಯುತ್ತದೆ. ಸಣ್ಣ ಪೈಪಿನದು ಇದಕ್ಕೆ ತಿರುಗುಮುರುಗು. ಇವೆರಡರಿಂದಲೂ ಒಟ್ಟಿಗೆ ಪಾರಾಗುವ ಒಂದೇ ಉಪಾಯ, ಉದ್ದವನ್ನು ಕಡಿಮೆ ಮಾಡುವುದು. ಟ್ಯಾಂಕಿನಿಂದ ಇಳಿಯುವ ಮುಖ್ಯ ಪೈಪು ಮುಕ್ಕಾಲು ಇಂಚು, ಒಂದೊಂದು ನಲ್ಲಿಗೆ ಹೋಗುವ ಕೊನೆಯ ಚಿಕ್ಕ ತುಂಡು ಅರ್ಧ ಇಂಚು ಎಂಬ ಅನುಭವಿ ಪ್ಲಂಬರುಗಳ ಪದ್ಧತಿ ಇದಕ್ಕೆ ಸರಿಯಾಗಿಯೇ ಇದೆ. ಕಾರಣವನ್ನು ಸೂತ್ರದಲ್ಲಿ ಹೇಳಲು ಅವರಿಗೆ ಬಾರದಿರಬಹುದು. ಕಾರಣ ಗೊತ್ತಿರುವ ನಾವು ಅವರ ಜೊತೆ ನಿಂತು ಮಾತನಾಡುವುದಿಲ್ಲ.

ಮುಚ್ಚಬಾರದ ಬಾಯಿ

ಇಲ್ಲಿಯವರೆಗೆ ಹೇಳಿದ್ದು ಹಣ ಮತ್ತು ನೀರಿನ ವಿಚಾರ. ಈಗ ಹೇಳುವುದು ಅದಕ್ಕಿಂತ ಗಂಭೀರವಾದದ್ದು.

ಒತ್ತಡ ಸಾಲದೆಂದು ಕೆಲವರು ತಣ್ಣೀರಿನ ಸಾಲಿಗೆ ಮಾತ್ರ ಪ್ರೆಶರ್ ಪಂಪ್ ಹಾಕಿಸುತ್ತಾರೆ. ಬಿಸಿನೀರು ಸೋಲಾರ್ ಟ್ಯಾಂಕಿನಿಂದ ತನ್ನ ಭಾರದಿಂದಲೇ ಇಳಿಯುತ್ತಿರುತ್ತದೆ. ಎರಡೂ ಸಾಲುಗಳು ಸ್ನಾನದ ಮನೆಯ ಮಿಕ್ಸರಿನಲ್ಲಿ ಕೂಡುತ್ತವೆ. ಒತ್ತಡ ಹೆಚ್ಚಿರುವ ತಣ್ಣೀರು ಬಿಸಿನೀರಿನ ಪೈಪಿನೊಳಕ್ಕೆ ನುಗ್ಗಿ ಹಿಮ್ಮುಖವಾಗಿ ಏರುತ್ತದೆ. ಸೋಲಾರ್ ಟ್ಯಾಂಕು ತುಂಬಿ, ಅದರ ನೆತ್ತಿಯ ಮೇಲಿನ ವೆಂಟ್ ಪೈಪಿನಿಂದ ನೀರು ತಾರಸಿಗೆ ಸುರಿಯತೊಡಗುತ್ತದೆ. ಯಜಮಾನರಿಗೆ ಕಾಣುವುದು ನೀರು ಸುರಿಯುವ ಬಾಯಿ. ಆ ಬಾಯಿಗೆ ಒಂದು ಮುಚ್ಚಳ ಹಾಕಿದರೆ ಸುರಿಯುವುದು ನಿಲ್ಲುತ್ತದೆ. ಸಮಸ್ಯೆ ಪರಿಹಾರವಾಯಿತು ಎಂದು ತಿಳಿಯುತ್ತಾರೆ!

ಆ ಬಾಯಿ ಇರುವುದೇಕೆ? ನೀರು ಕಾದಾಗ ಹಿಗ್ಗುತ್ತದೆ. 22 ಡಿಗ್ರಿಯಿಂದ 60 ಡಿಗ್ರಿಗೆ ಕಾದ ನೀರಿನ ಗಾತ್ರ ಶೇಕಡಾ 1.5ರಷ್ಟು ಹೆಚ್ಚುತ್ತದೆ. 15 ಲೀಟರಿನ ಗೀಸರಿನಲ್ಲಿ ಇದು 0.22 ಲೀಟರ್, ಅಂದರೆ ಒಂದು ದೊಡ್ಡ ಲೋಟ. 100 ಲೀಟರಿನ ಟ್ಯಾಂಕಿನಲ್ಲಿ ಒಂದೂವರೆ ಲೀಟರ್. ಈ ನೀರು ಎಲ್ಲಿಗಾದರೂ ಹೋಗಲೇಬೇಕು. ಹೋಗಲು ದಾರಿಯಿಲ್ಲದೆ, ಪಾತ್ರೆಯೂ ಹಿಗ್ಗದೆ ಇದ್ದರೆ ಒತ್ತಡ ಎಷ್ಟಾದೀತು? ನೀರಿನ ಗಾತ್ರ ಸ್ಥಿತಿಸ್ಥಾಪಕಾಂಕ ಸುಮಾರು 2.2 × 10⁹ ಪ್ಯಾಸ್ಕಲ್. ಅದರ ಶೇಕಡಾ 1.5 ಎಂದರೆ 300ಕ್ಕೂ ಹೆಚ್ಚು ವಾಯುಮಂಡಲ! ಮನೆಯ ಗೀಸರಿನ ಮೇಲೆ ಬರೆದಿರುವ ಕಾರ್ಯ ಒತ್ತಡ ಸಾಮಾನ್ಯವಾಗಿ ಹತ್ತು ವಾಯುಮಂಡಲವನ್ನೂ ಮುಟ್ಟುವುದಿಲ್ಲ. ಅಷ್ಟರವರೆಗೆ ಹೋಗುವ ಮೊದಲೇ ಪಾತ್ರೆ ಬಿರಿಯುತ್ತದೆ. ಥರ್ಮೋಸ್ಟಾಟ್ ಕೆಟ್ಟು ನೀರು 100 ಡಿಗ್ರಿ ದಾಟಿದ್ದರೆ, ಬಿರಿದ ಕ್ಷಣದಲ್ಲಿ ಒತ್ತಡ ಇಳಿದು ನೀರಿನ ಒಂದು ಭಾಗ ಒಮ್ಮೆಲೇ ಹಬೆಯಾಗುತ್ತದೆ. ಗೀಸರ್ ಸ್ಫೋಟವೆಂದು ಪತ್ರಿಕೆಗಳಲ್ಲಿ ಓದುವುದರ ಹಿಂದಿನ ವಿಜ್ಞಾನ ಇದು.

ಸಾಮಾನ್ಯ ಓವರ್‌ಹೆಡ್ ಟ್ಯಾಂಕಿಗೆ ನೇರವಾಗಿ ಸೇರಿದ ಗೀಸರಿನಲ್ಲಿ ಹಿಗ್ಗಿದ ನೀರು ಬಂದ ದಾರಿಯಲ್ಲೇ ಹಿಂದಕ್ಕೆ ಏರಿ ಹೋಗುತ್ತದೆ. ಆದರೆ ಪಂಪ್ ಹಾಕಿಸಿದಾಗ ಅದರೊಂದಿಗೆ ನಾನ್ ರಿಟರ್ನ್ ವಾಲ್ವ್ ಬರುತ್ತದೆ. ಅದು ಹಿಂದಕ್ಕೆ ಹೋಗುವ ದಾರಿಯನ್ನು ಮುಚ್ಚುತ್ತದೆ. ಆಮೇಲೆ ಉಳಿಯುವುದು ಸುರಕ್ಷಾ ವಾಲ್ವ್ ಒಂದೇ. ಅದರಿಂದ ನೀರು ತೊಟ್ಟಿಕ್ಕುತ್ತದೆ ಎಂದು ಅದಕ್ಕೂ ಬಿರಡೆ ಹಾಕಿಸುವವರಿದ್ದಾರೆ. ಕಾಯುವಾಗ ಒಂದಿಷ್ಟು ತೊಟ್ಟಿಕ್ಕುವುದು ಅದರ ದೋಷವಲ್ಲ, ಅದರ ಕೆಲಸ. ಕೊಳವೆಬಾವಿಯ ಗಡಸು ನೀರಿರುವ ಕಡೆಗಳಲ್ಲಿ ಇನ್ನೊಂದು ತೊಂದರೆಯಿದೆ. ಕಾದಾಗ ಕರಗಿದ ಬೈಕಾರ್ಬೊನೇಟುಗಳು ಕಾರ್ಬೊನೇಟುಗಳಾಗಿ ಹರಳುಗಟ್ಟಿ, ಯಾರೂ ಮುಚ್ಚದಿದ್ದರೂ ವಾಲ್ವಿನ ಬಾಯಿ ತಾನಾಗಿಯೇ ಕಟ್ಟಿಕೊಳ್ಳಬಹುದು. ಆದ್ದರಿಂದ ಅದನ್ನು ಆಗಾಗ ಪರೀಕ್ಷಿಸಬೇಕು.

ವೆಂಟ್ ಪೈಪಿಗೆ ಎರಡನೆಯ ಕೆಲಸವೂ ಇದೆ. ಮೇಲಿನಿಂದ ನೀರು ನಿಂತುಹೋಗಿ ಕೆಳಗೆ ನಲ್ಲಿ ತೆರೆದಿದ್ದರೆ, ಟ್ಯಾಂಕಿನಿಂದ ಹೊರಹೋದ ನೀರಿನ ಜಾಗಕ್ಕೆ ಗಾಳಿ ಬರುವುದು ಅದರ ಮೂಲಕ. ಮುಚ್ಚಿದ್ದರೆ ಒಳಗೆ ಒತ್ತಡ ಕುಸಿದು, ಹೊರಗಿನ ವಾಯುಭಾರ ತೆಳು ತಗಡಿನ ಟ್ಯಾಂಕನ್ನು ಒಳಕ್ಕೆ ಒತ್ತುತ್ತದೆ. ಡಬ್ಬಿಯಲ್ಲಿ ನೀರು ಕುದಿಸಿ ಮುಚ್ಚಳ ಹಾಕಿ ತಣ್ಣೀರು ಸುರಿಯುವ ಪ್ರಯೋಗವನ್ನು ಪ್ರತಿ ಶಾಲೆಯಲ್ಲೂ ತೋರಿಸುತ್ತೇವಲ್ಲ, ಅದೇ ಇದು.

ಗ್ಯಾಸ್ ಗೀಸರಿನಲ್ಲಿ ದಾರಿ ಬೇಕಾಗಿರುವುದು ಗಾಳಿಗೆ. ಒಂದು ಬಕೆಟ್ಟಿಗೆ ಸುಮಾರು 40 ಗ್ರಾಂ ಅಡುಗೆ ಅನಿಲ ಸಾಕು. ಆದರೆ ಅದು ಪೂರ್ಣವಾಗಿ ಉರಿಯಲು ಅರ್ಧ ಘನಮೀಟರಿಗೂ ಹೆಚ್ಚು ಗಾಳಿಯ ಆಮ್ಲಜನಕ ಬೇಕು. 5 ಅಡಿಗೆ 7 ಅಡಿ, 9 ಅಡಿ ಎತ್ತರದ ಸ್ನಾನದ ಮನೆಯಲ್ಲಿ ಇರುವುದೇ ಸುಮಾರು 9 ಘನಮೀಟರ್. ಕಿಟಕಿ ಬಾಗಿಲು ಮುಚ್ಚಿ ಮೂರು ಬಕೆಟ್ ಕಾಯಿಸುವಷ್ಟರಲ್ಲಿ ಆಮ್ಲಜನಕ ಶೇಕಡಾ 21ರಿಂದ 17ರ ಸಮೀಪಕ್ಕೆ ಇಳಿಯುತ್ತದೆ. ಆಮ್ಲಜನಕ ಕಡಿಮೆಯಾದಂತೆ ಜ್ವಾಲೆ ಕಾರ್ಬನ್ ಮಾನಾಕ್ಸೈಡನ್ನು ಉಗುಳತೊಡಗುತ್ತದೆ. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಅನಿಲ ರಕ್ತದ ಹಿಮೋಗ್ಲೋಬಿನ್ ಜೊತೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಬೆಸೆಯುತ್ತದೆ. ಒಳಗಿರುವವರಿಗೆ ಎಚ್ಚರಿಕೆಯೇ ಸಿಗುವುದಿಲ್ಲ. ಗ್ಯಾಸ್ ಗೀಸರನ್ನು ಸ್ನಾನದ ಮನೆಯ ಹೊರಗೆ, ತೆರೆದ ಗಾಳಿಯಲ್ಲಿ ಇಡಬೇಕು. ನಕ್ಷೆಯಲ್ಲಿ ಅದಕ್ಕೆ ಸ್ಥಳವಿಲ್ಲದಿದ್ದರೆ ಗ್ಯಾಸ್ ಗೀಸರ್ ಬೇಡ. ಇದರಲ್ಲಿ ರಾಜಿಯಿಲ್ಲ.

ಏನು ಮಾಡಬಹುದು?

ಮನೆ ಕಟ್ಟಿಸುತ್ತಿದ್ದರೆ ಗೋಡೆ ಕೊರೆಯುವ ಮೊದಲು ಒಂದು ಹಾಳೆಯಲ್ಲಿ ಐದು ಸಂಗತಿಗಳನ್ನು ಬರೆದಿಟ್ಟುಕೊಳ್ಳಿ.

1. ಬಿಸಿನೀರಿನ ಮೂಲದಿಂದ ಪ್ರತಿ ನಲ್ಲಿಗೆ ಪೈಪಿನ ಉದ್ದ ಮತ್ತು ವ್ಯಾಸ, ಅದರಲ್ಲಿ ನಿಲ್ಲುವ ನೀರು ಎಷ್ಟು ಲೀಟರ್. 2 ಲೀಟರ್ ಮೀರಿದರೆ ನಕ್ಷೆಯನ್ನು ಮತ್ತೊಮ್ಮೆ ನೋಡಿ.
2. ತಣ್ಣೀರ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿಗಿಂತ ಮೇಲಿದೆಯೇ? ವೆಂಟ್ ಪೈಪಿನ ತುದಿ ತಣ್ಣೀರ ಟ್ಯಾಂಕಿನ ನೀರಿನ ಗರಿಷ್ಠ ಮಟ್ಟಕ್ಕಿಂತ ಮೇಲಿದೆಯೇ?
3. ಮಿಕ್ಸರಿಗೆ ಬರುವ ಬಿಸಿನೀರು ಮತ್ತು ತಣ್ಣೀರಿನ ಒತ್ತಡ ಒಂದೇ ಮೂಲದ್ದೇ?
4. ಕಾದು ಹಿಗ್ಗಿದ ನೀರು ಯಾವ ದಾರಿಯಲ್ಲಿ ಹೊರಹೋಗುತ್ತದೆ? ಮುಂದೆ ಪಂಪ್ ಹಾಕಿಸಿದರೂ ಆ ದಾರಿ ತೆರೆದಿರುತ್ತದೆಯೇ?
5. ಮೋಡದ ದಿನಕ್ಕೆ ಬೇಕಾದ ಗೀಸರಿನ ಸ್ಥಳ, ವೈರ್ ಮತ್ತು ಅರ್ಥ್.

ಈ ಹಾಳೆಯನ್ನು ಪ್ಲಂಬರ್ ಎದುರು ಇಟ್ಟು ಮಾತನಾಡಿ. ಕೊರೆದ ಗೋಡೆಯನ್ನು ಪ್ಲಾಸ್ಟರ್ ಮಾಡುವ ಮೊದಲು ಪೈಪುಗಳ ಫೋಟೋ ತೆಗೆದಿಡಿ.

ಅಧ್ಯಾಪಕರಿಗೆ ಒಂದು ಸೂಚನೆ. ವಿದ್ಯಾರ್ಥಿಗಳಿಗೆ ಒಂದು ಅಳತೆಯ ಬಕೆಟ್, ಒಂದು ಗಡಿಯಾರ, ಒಂದು ಥರ್ಮಾಮೀಟರ್ ಕೊಟ್ಟು ಅವರವರ ಮನೆಯ ಬಿಸಿನೀರಿನ ನಲ್ಲಿಯನ್ನು ಪರೀಕ್ಷಿಸಲು ಹೇಳಿ. ಗೀಸರ್ ಅಥವಾ ಸೋಲಾರಿಗೆ ಕೈಹಾಕುವುದು ಬೇಡ. ನಲ್ಲಿ ತೆರೆದ ಕ್ಷಣದಿಂದ ಪ್ರತಿ ಹತ್ತು ಸೆಕೆಂಡಿಗೊಮ್ಮೆ ತಾಪ ಗುರುತಿಸಿಕೊಂಡು ನಕ್ಷೆ ಬರೆಯಲಿ. ನಿಮಿಷಕ್ಕೆ ಎಷ್ಟು ಲೀಟರ್ ಬರುತ್ತದೆ ಎಂದು ಅಳೆಯಲಿ. ಬಿಸಿನೀರು ಬರುವವರೆಗೆ ಹರಿದ ನೀರಿನಿಂದ ಪೈಪಿನ ಉದ್ದವನ್ನು ಅಂದಾಜು ಮಾಡಲಿ. ಅರ್ಧ ಗಂಟೆ, ಒಂದು ಗಂಟೆ, ಎರಡು ಗಂಟೆ ಬಿಟ್ಟು ಮತ್ತೆ ಅಳೆದರೆ ನ್ಯೂಟನ್ನನ ತಂಪಾಗುವ ನಿಯಮ ಮನೆಯಲ್ಲೇ ಸಿಗುತ್ತದೆ. ಹಿರಿಯರೊಡನೆ ತಾರಸಿಗೆ ಹೋಗಿ ವೆಂಟ್ ಪೈಪಿನ ಬಾಯಿ ತೆರೆದಿದೆಯೇ ಎಂದು ನೋಡಿ ಬರಲಿ. ಒಂದು ತರಗತಿಯ ನಲವತ್ತು ಮಕ್ಕಳಲ್ಲಿ ಒಬ್ಬರ ಮನೆಯಲ್ಲಿ ಮುಚ್ಚಿದ ಬಾಯಿ ಕಂಡು ಅದನ್ನು ತೆರೆಸಿದರೂ ಆ ವರ್ಷದ ಉಷ್ಣದ ಪಾಠ ಸಾರ್ಥಕ.